ಸ್ವಿಚ್ ಹಾಕಿದೊಡನೆ ಎಂಸಿಬಿ ಬಿದ್ದರೆ ಆಂಪಿಯರ್ ಹೆಚ್ಚಿಸಬೇಕೇ?

ತಾಮ್ರತಂತಿ: 230 ವೋಲ್ಟ್‌ನ 1 ಕೆವಿಎ ಐಸೊಲೇಷನ್ ಟ್ರಾನ್ಸ್‌ಫಾರ್ಮರ್‌ಗೆ 6 ಆಂಪಿಯರ್‌ನ ಸಿ ಕರ್ವ್ ಬಗೆಯ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಿದ್ದೇನೆ. ಪೂರ್ಣ ಲೋಡ್‌ಗೆ 4.35 ಆಂಪಿಯರ್ ಸಾಕು. ಆದರೂ ಸ್ವಿಚ್ ಹಾಕಿದಾಗ ಕೆಲವು ಸಲ ಟ್ರಿಪ್ ಆಗುತ್ತದೆ, ಕೆಲವು ಸಲ ಇಲ್ಲ. ಔಟ್‌ಪುಟ್‌ಗೆ ಏನನ್ನೂ ಜೋಡಿಸದಿದ್ದರೂ ಇದೇ ಕಥೆ. ಎಂಸಿಬಿ ಕೆಟ್ಟಿದೆಯೇ?

ಸರಳದಾರಿ: 16 ಆಂಪಿಯರ್‌ನದು ಹಾಕಿ. 2.5 ಚದರ ಮಿಲಿಮೀಟರ್ ತಂತಿ ಎಳೆದಿದ್ದರೆ ತಲೆನೋವು ಮುಗಿಯಿತು.

ಲೂಪ್‌ಓಮ್: ತಲೆನೋವಿನ ಜತೆ ಟ್ರಾನ್ಸ್‌ಫಾರ್ಮರ್ ಕೂಡ ಮುಗಿಯುತ್ತದೆ! 16ರ ಎಂಸಿಬಿ 18 ಆಂಪಿಯರ್ ಒಂದು ಗಂಟೆ ಹರಿದರೂ ಬೀಳಬೇಕಾಗಿಲ್ಲ. ತಂತಿ ಉಳಿಯುತ್ತದೆ, ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಡುತ್ತದೆ.

ಎಂಸಿಬಿ ಕೆಟ್ಟಿಲ್ಲ. ವೋಲ್ಟೇಜ್ ಸೊನ್ನೆ ದಾಟುವ ಕ್ಷಣದಲ್ಲಿ ಸ್ವಿಚ್ ಬಿದ್ದರೆ ಕೋರ್‌ನ ಫ್ಲಕ್ಸ್ (ಕಬ್ಬಿಣದ ತಿರುಳಿನಲ್ಲಿನ ಕಾಂತ ಹರಿವು) ಮಾಮೂಲಿನ ಎರಡು ಪಟ್ಟು ಏರಲು ಹೊರಡುತ್ತದೆ. ಹಿಂದಿನ ಸಲ ಆಫ್ ಮಾಡಿದಾಗ ಉಳಿದ ಕಾಂತತ್ವವೂ ಅದೇ ದಿಕ್ಕಿನಲ್ಲಿದ್ದರೆ ಇನ್ನೂ ಮೇಲೆ. ಕೋರ್ ಸ್ಯಾಚುರೇಟ್ ಆದ (ಇನ್ನಷ್ಟು ಕಾಂತತ್ವ ಹಿಡಿಯಲಾಗದಂತೆ ತುಂಬಿದ) ಮೇಲೆ ಕರೆಂಟನ್ನು ತಡೆಯಲು ಉಳಿಯುವುದು ಹೆಚ್ಚುಕಡಿಮೆ ತಾಮ್ರದ ರೋಧವಷ್ಟೇ. ಆ ಕ್ಷಣದ ಕರೆಂಟ್ ಪೂರ್ಣ ಲೋಡಿನ ಹತ್ತು ಹನ್ನೆರಡು ಪಟ್ಟು ಆಗುವುದು ಸಾಮಾನ್ಯ, ಟೊರಾಯ್ಡ್ (ಬಳೆಯಾಕಾರದ ಕೋರ್) ಆದರೆ ಅದಕ್ಕಿಂತ ಹೆಚ್ಚು. ಅಂದರೆ ನಿಮ್ಮಲ್ಲಿ ಸುಮಾರು 45ರಿಂದ 50 ಆಂಪಿಯರ್. ಸಿ ಕರ್ವ್ ತಕ್ಷಣ ಬೀಳುವುದು ತನ್ನ ಆಂಪಿಯರ್ ಅಂಕಿಯ ಐದರಿಂದ ಹತ್ತು ಪಟ್ಟಿನ ನಡುವೆ, ನಿಮಗದು 30ರಿಂದ 60. ಸರಿಯಾಗಿ ಅನುಮಾನದ ಪಟ್ಟಿಯೊಳಗೇ ಇದ್ದೀರಿ. 6 ಆಂಪಿಯರ್‌ನ ಡಿ ಕರ್ವ್ ಹಾಕಿ, ಅದರ ಪಟ್ಟಿ 60ರಿಂದ 120.

ಸರಳದಾರಿ: ಮೋಟಾರ್‌ಗೆ ಎಲ್ಲರೂ ದೊಡ್ಡ ಫ್ಯೂಸನ್ನೇ ಹಾಕುತ್ತಾರಲ್ಲ? ನೇರ ಸ್ಟಾರ್ಟ್ ಮಾಡಿದರೆ ಆರೇಳು ಪಟ್ಟು, ಅದೂ ಕೆಲವು ಸೆಕೆಂಡ್. ಅಲ್ಲಿ ತಪ್ಪಲ್ಲದ್ದು ಇಲ್ಲೇಕೆ ತಪ್ಪು?

ಲೂಪ್‌ಓಮ್: ಅಲ್ಲಿ ಓವರ್‌ಲೋಡ್ ರಿಲೇ ಬೇರೆ ಇರುತ್ತದೆ, ಫ್ಯೂಸ್‌ಗೆ ಶಾರ್ಟ್ ಸರ್ಕ್ಯೂಟ್ ಕೆಲಸ ಮಾತ್ರ. ಇಲ್ಲಿಯೂ ಸೆಕೆಂಡರಿಯಲ್ಲಿ (ಔಟ್‌ಪುಟ್ ಕಡೆ) ಸರಿಯಾದ ಫ್ಯೂಸ್ ಇದ್ದರೆ ನಿಮ್ಮ 16ನ್ನು ಅಷ್ಟು ಬಲವಾಗಿ ವಿರೋಧಿಸುವುದಿಲ್ಲ. ಅದಿಲ್ಲದೆ ಹೇಳಿದ್ದಕ್ಕೇ ನನ್ನ ತಕರಾರು.

ಕೆಪಾಸಿಟರ್: ಎಲ್ಇಡಿ ದೀಪಕ್ಕೆ ಕರೆಂಟ್ ಕೊಡುವ ಡ್ರೈವರ್‌ಗಳಿಗೆ ಈ ಪಟ್ಟು ಲೆಕ್ಕ ಸಾಲದು. ಅಲ್ಲಿನ ಹೊಡೆತ ಮಿಲಿಸೆಕೆಂಡಿಗೂ ಕಡಿಮೆ. ಕರೆಂಟಿನ ವರ್ಗವನ್ನು ಕಾಲದಿಂದ ಗುಣಿಸಿ ನೋಡಬೇಕು. ಒಂದು ಎಂಸಿಬಿಗೆ ಎಷ್ಟು ಡ್ರೈವರ್ ಎಂದು ಹಲವು ತಯಾರಕರು ಡೇಟಾಶೀಟ್‌ನಲ್ಲೇ ಕೊಡುತ್ತಾರೆ, ಓದುವವರು ಕಡಿಮೆ. ಎನ್‌ಟಿಸಿ (ತಣ್ಣಗಿರುವಾಗ ಕರೆಂಟ್ ತಡೆದು, ಬಿಸಿಯಾದಾಗ ಬಿಡುವ ರೋಧಕ) ಇದೆ ಎಂದು ನಿಶ್ಚಿಂತರಾಗಬೇಡಿ. ಕರೆಂಟ್ ಹೋಗಿ ಕೂಡಲೇ ಬಂದರೆ ಅದಿನ್ನೂ ಬಿಸಿಯಾಗಿರುತ್ತದೆ, ಏನನ್ನೂ ತಡೆಯುವುದಿಲ್ಲ.

ಭೂಸ್ಪರ್ಶ: ಡಿ ಕರ್ವ್‌ಗೆ ಒಂದು ಬೆಲೆ ತೆರಬೇಕು, ಅದನ್ನು ಯಾರೂ ಹೇಳಲಿಲ್ಲ. ದೋಷ ಬಂದಾಗ ಅದು ತಕ್ಷಣ ಬೀಳುವುದು ಖಚಿತವಾಗಲು 120 ಆಂಪಿಯರ್ ಹರಿಯಬೇಕು. 230ನ್ನು 120ರಿಂದ ಭಾಗಿಸಿ, ಅರ್ಥ್ ಲೂಪ್ (ದೋಷದ ಕರೆಂಟ್ ಸುತ್ತಿಬರುವ ದಾರಿಯ ಒಟ್ಟು ರೋಧ) 1.9 ಓಮ್ ಒಳಗಿರಬೇಕು. ಸಿ ಕರ್ವ್‌ಗೆ 3.8 ಸಾಕಿತ್ತು. ಮೊದಲು ಅಳೆಯಿರಿ.

ತಾಮ್ರತಂತಿ: ಅಳೆದೆ, 1.1 ಓಮ್. ಡಿ ಕರ್ವ್ ಹಾಕಿ ಸೆಕೆಂಡರಿಗೂ ಫ್ಯೂಸ್ ಕೊಡುತ್ತೇನೆ.

ಭೂಸ್ಪರ್ಶ: ಅರ್ಥಿಂಗ್ ಬರೀ ನಿಮ್ಮದೇ ರಾಡ್‌ನದಾಗಿದ್ದರೆ 1.1ನ್ನು ನಂಬಬೇಡಿ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಮತ್ತೊಮ್ಮೆ ಅಳೆಯಿರಿ, ಆರ್‌ಸಿಸಿಬಿಯನ್ನೂ (ನೆಲಕ್ಕೆ ಸೋರುವ ಕರೆಂಟ್ ಕಂಡೊಡನೆ ಬೀಳುವ ಸ್ವಿಚ್) ಹಾಕಿ.