ಸೋಂಕಿನಲ್ಲಿ ಕಬ್ಬಿಣದ ‘ಕೊರತೆ’: ಈ ಪದ ಸರಿಯೇ?

ಎಲ್ಲರಿಗೂ ನಮಸ್ಕಾರ.

ಸೋಂಕು ಮತ್ತು ಕಬ್ಬಿಣದ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ವಿಷಯ ಇಷ್ಟು. ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲು ಕಬ್ಬಿಣ ಬೇಕೇ ಬೇಕು. (ಲೈಮ್ ಕಾಯಿಲೆ ತರುವ ಬೊರೇಲಿಯಾ ಇದಕ್ಕೆ ಹೊರತು. ಅದು ಮ್ಯಾಂಗನೀಸ್ ನೆಚ್ಚಿಕೊಂಡಿದೆ.) ಹಾಗಾಗಿ ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ನಮ್ಮ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಜೀವಕೋಶದಿಂದ ಕಬ್ಬಿಣ ಹೊರಬರುವ ದಾರಿಯನ್ನು ಅದು ಮುಚ್ಚುತ್ತದೆ. ಕರುಳಿನ ಕೋಶಗಳಿಂದ ಕಬ್ಬಿಣ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಹಳೆಯ ಕೆಂಪು ರಕ್ತಕಣಗಳನ್ನು ಒಡೆದು ಕಬ್ಬಿಣ ತೆಗೆಯುವ ಮ್ಯಾಕ್ರೋಫೇಜ್ ಎಂಬ ಕೋಶಗಳೂ ಅದನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತವೆ. ಆಗ ರಕ್ತ ಪರೀಕ್ಷೆ ಮಾಡಿದರೆ ಸೀರಂ ಕಬ್ಬಿಣ, ಅಂದರೆ ರಕ್ತದ ದ್ರವಭಾಗದಲ್ಲಿರುವ ಕಬ್ಬಿಣ, ಕಡಿಮೆ ಕಾಣುತ್ತದೆ. ಕಬ್ಬಿಣವನ್ನು ಕೂಡಿಟ್ಟುಕೊಳ್ಳುವ ಫೆರಿಟಿನ್ ಎಂಬ ಪ್ರೋಟೀನ್ ಮಾತ್ರ ಏರಿರುತ್ತದೆ.

ಇದನ್ನು ‘ಕಬ್ಬಿಣದ ಕೊರತೆ’ ಎಂದು ಬರೆಯಬಹುದಾ? ನನ್ನ ಮನಸ್ಸು ಒಪ್ಪುತ್ತಿಲ್ಲ. ಕೊರತೆ ಎಂದರೆ ಸಾಲದಿರುವುದು. ಆ ಪದ ಬಂದ ಕೂಡಲೇ ‘ತುಂಬು’, ‘ನೀಗಿಸು’ ಎಂಬ ಮಾತು ಬೆನ್ನಿಗೇ ಬರುತ್ತದೆ ಅಲ್ವಾ? ಇಲ್ಲಿ ಕಬ್ಬಿಣ ಒಳಗೇ ಇದೆ, ಓಡಾಟ ನಿಂತಿದೆ ಅಷ್ಟೆ. ತಪ್ಪು ತಿಳಿದರೆ ತೊಂದರೆ ಸಣ್ಣದಲ್ಲ. ಮಲೇರಿಯಾ ಹೆಚ್ಚಿರುವ ಜಂಜಿಬಾರ್‌ನ ಪೆಂಬಾ ದ್ವೀಪದಲ್ಲಿ ಪುಟ್ಟ ಮಕ್ಕಳಿಗೆ ಕಬ್ಬಿಣ, ಫೋಲಿಕ್ ಆಮ್ಲ ಕೊಟ್ಟು ನೋಡಿದರು. ಕೊಟ್ಟ ಮಕ್ಕಳಲ್ಲೇ ಆಸ್ಪತ್ರೆ ಸೇರುವುದು, ಸಾಯುವುದು ಜಾಸ್ತಿಯಾಯಿತು. ಆ ವರದಿ 2006ರಲ್ಲಿ ಬಂತು. ಹಾಗಂತ ನಿಜವಾದ ಕೊರತೆ ಇರುವವರು ಗುಳಿಗೆ ಬಿಡಬೇಕು ಎಂಬ ಅರ್ಥವೂ ಬರಬಾರದು. ಕೆಲವರಲ್ಲಿ ನಿಜವಾದ ಕೊರತೆ, ಸೋಂಕಿನ ಈ ತಡೆ ಎರಡೂ ಒಟ್ಟಿಗೇ ಇರುತ್ತವೆ. ಅದಕ್ಕೇ ಎರಡಕ್ಕೂ ಬೇರೆ ಬೇರೆ ಪದ ಬೇಕು ಅನ್ನುತ್ತಿದ್ದೇನೆ.

ರೋಗಾಣುವಿಗೆ ಕಬ್ಬಿಣ ಸಿಗದ ಹಾಗೆ ದೇಹ ಮಾಡುವ ಈ ತಡೆಗೆ ಇಂಗ್ಲಿಷಿನಲ್ಲಿ ನ್ಯೂಟ್ರಿಷನಲ್ ಇಮ್ಯುನಿಟಿ ಎಂಬ ಹೆಸರು 1970ರ ದಶಕದಿಂದ ಇದೆ. ‘ಪೌಷ್ಟಿಕ ರೋಗನಿರೋಧಕತೆ’ ಎಂದು ಬರೆದು ಒಬ್ಬರಿಗೆ ಓದಿಸಿದೆ. ‘ಚೆನ್ನಾಗಿ ಉಂಡರೆ ಬರುವ ಶಕ್ತಿ’ ಎಂದು ತಿಳಿದರು. ಅವರದೇನೂ ತಪ್ಪಿಲ್ಲ. ಪದವೇ ಹಾಗಿದೆ. ನಿಜಕ್ಕೂ ಇದು ರೋಗಾಣುವಿಗೆ ಉಣ್ಣಲು ಸಿಗದ ಹಾಗೆ ಮಾಡುವುದು.

‘ಬಚ್ಚಿಡು’ ಎಂದು ಯೋಚಿಸಿದೆ. ಅದರಲ್ಲಿ ಕಳ್ಳತನದ ನೆರಳಿದೆ. ‘ಅಡಗಿಸು’ ಎಂದರೆ ಹತ್ತಿಕ್ಕು ಎಂಬ ಅರ್ಥವೂ ಇದೆ. ಈಗ ಮನಸ್ಸು ನಿಂತಿರುವುದು ‘ತಡೆಹಿಡಿ’ ಮೇಲೆ. ಸಂಬಳ ತಡೆಹಿಡಿದರು ಎಂದರೆ ಸಂಬಳ ಇದೆ, ಕೈಗೆ ಬಂದಿಲ್ಲ ಎಂದೇ ಅರ್ಥ. ಬೇಕೆಂದೇ ಮಾಡಿದ್ದು, ಮುಂದೆ ಬಿಡಲೂಬಹುದು ಎನ್ನುವುದೂ ಅದರಲ್ಲಿ ಸೇರಿದೆ. ಸೋಂಕು ಇಳಿದ ಮೇಲೆ ಹೆಪ್ಸಿಡಿನ್ ಇಳಿಯುತ್ತದೆ, ಕಬ್ಬಿಣ ಮತ್ತೆ ಹರಿಯುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಪದ ನನಗೆ ಬೇರೆ ಸಿಕ್ಕಿಲ್ಲ. ಆದರೆ ನಾಮಪದ ಮಾಡುವಾಗ ತೊಡಕು. ‘ತಡೆಹಿಡಿಯುವಿಕೆ’ ಭಾರ. ‘ಕಬ್ಬಿಣದ ತಡೆಹಿಡಿತ’ ನಿಮ್ಮ ಕಿವಿಗೆ ಹೇಗಿದೆ?

ಇನ್ನೊಂದು ಪದ ಸಿಡೆರೋಫೋರ್. ಕಬ್ಬಿಣ ಗಿಟ್ಟಿಸಿಕೊಳ್ಳಲು ಬ್ಯಾಕ್ಟೀರಿಯಾ ಹೊರಗೆ ಬಿಡುವ ಪುಟ್ಟ ಅಣು ಇದು. ಗ್ರೀಕ್ ಮೂಲ ಹಿಡಿದರೆ ‘ಕಬ್ಬಿಣವಾಹಕ’ ಆಗುತ್ತದೆ. ಆದರೆ ನಮ್ಮ ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಕೂಡ ವಾಹಕವೇ! ಜಗಳ ಆಡುವ ಇಬ್ಬರಿಗೂ ಒಂದೇ ಹೆಸರಿಟ್ಟ ಹಾಗಾಗುತ್ತದೆ. ‘ಕಬ್ಬಿಣಸೆಳೆಕ’ ಆಗಬಹುದಾ? 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಬ್ಯಾಕ್ಟೀರಿಯಾ ಕೊಲ್ಲುವ ಸೆಫಿಡೆರೋಕಾಲ್ ಔಷಧವನ್ನು ವಿವರಿಸಲೂ ಅದು ಅನುಕೂಲ. ಆ ಔಷಧಕ್ಕೆ ಸಿಡೆರೋಫೋರ್‌ನಂಥ ಒಂದು ತುದಿ ಇದೆ. ಅದು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಕಬ್ಬಿಣದ ಜೊತೆಗೇ ಔಷಧವನ್ನೂ ಒಳಗೆ ಸೆಳೆದುಕೊಳ್ಳುತ್ತದೆ.

ಕೊನೆಯದು, ‘ಕಬ್ಬಿಣ’ ಸಾಕೋ, ‘ಕಬ್ಬಿಣಾಂಶ’ ಬೇಕೋ? ಅಂಶ ಎಂದರೆ ಆಹಾರದ್ದು ಎನ್ನಿಸುತ್ತದೆ. ಸುಮ್ನೆ ‘ಕಬ್ಬಿಣ’ ಎಂದರೆ ಸರಳು, ಮೊಳೆ ಕಣ್ಣ ಮುಂದೆ ಬರುತ್ತವೆ ಎಂದು ಕೆಲವರು ಹೇಳಿದರು. ಹಳಗನ್ನಡದ ಕರ್ಬೊನ್, ಅಂದರೆ ಕರಿಯ ಹೊನ್ನು, ಸವೆದು ಕಬ್ಬಿಣವಾಗಿದೆ. ನನಗಂತೂ ಆ ಪದವನ್ನು ಹಾಗೇ ಉಳಿಸುವ ಆಸೆ. ನೀವು ಏನು ಬರೆಯುತ್ತೀರಿ?