ಸಣ್ಣ ಗೇರುಬೀಜ ಕಾರ್ಖಾನೆಯವರ ಮಾತು ದೆಹಲಿಗೆ ಮುಟ್ಟಿಸುವುದು ಹೇಗೆ?

ಪ್ರಶ್ನೆ (ಕಾರ್ಕಳ): ನಮ್ಮದು ಸಣ್ಣ ಗೇರುಬೀಜ ಕಾರ್ಖಾನೆ. ಊರಿನ ಬೀಜ ಸಾಲುವುದಿಲ್ಲ, ಆಫ್ರಿಕಾದ್ದೇ ಬೇಕು. ಆಮದು ಸುಂಕ ತೆಗೆಯಿರಿ ಅಂತ ಯಾರಿಗೆ ಹೇಳಬೇಕು ಸರ್? ಒಬ್ಬರು "ದೆಹಲಿಯಲ್ಲಿ ನಮ್ಮವರು ಇದ್ದಾರೆ, ಖರ್ಚು ಕೊಡಿ, ಮಾಡಿಸುತ್ತೇನೆ" ಎನ್ನುತ್ತಿದ್ದಾರೆ. ಲಾಬಿ ಅಂದರೆ ಇದೇನಾ?

ಉತ್ತರ (ತೆರಿಗೆ ಸಲಹೆಗಾರ, ಮಂಗಳೂರು): ಅವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಲಾಬಿ ಅಂದರೆ ಸರ್ಕಾರದ ನಿರ್ಧಾರ ನಮ್ಮ ಕಡೆ ವಾಲುವಂತೆ ಒತ್ತಾಯ ತರುವ ಕೆಲಸ. ಅದಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಅಮೆರಿಕದಲ್ಲಿ 1995ರಿಂದ ಲಾಬಿದಾರರು ನೋಂದಣಿ ಮಾಡಿಸಿ ಲೆಕ್ಕ ಕೊಡಬೇಕು. ಇಲ್ಲಿ ಅದಿಲ್ಲದ್ದಕ್ಕೇ ಇಂಥವರು ಹುಟ್ಟಿಕೊಳ್ಳುತ್ತಾರೆ. ಆ "ಖರ್ಚು" ಅಧಿಕಾರಿಯ ಕೈ ಸೇರಿದರೆ ಅದು ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ ನಂತರ ಕೊಟ್ಟವರಿಗೂ 7 ವರ್ಷದವರೆಗೆ ಜೈಲು ಆಗಬಹುದು.

ಆದರೆ ಮನವಿ ಕೊಡುವುದು ನಿಮ್ಮ ಹಕ್ಕು. ಸಂಘದ ಮೂಲಕ ಹೋಗಿ. ಸುಂಕ ಹಣಕಾಸು ಸಚಿವಾಲಯದ್ದು. ಕನಿಷ್ಠ ಆಮದು ಬೆಲೆ, ಅಂದರೆ ಇದಕ್ಕಿಂತ ಅಗ್ಗಕ್ಕೆ ಹೊರಗಿಂದ ತರಿಸುವಂತಿಲ್ಲ ಎಂಬ ಮಿತಿ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ್ದು. ತಪ್ಪು ಮೇಜಿಗೆ ಹೋದ ಪತ್ರ ಅಲ್ಲೇ ಕೊಳೆಯುತ್ತದೆ. ಬಜೆಟ್‌ಗೆ ಸಲಹೆ ಕೇಳುವುದು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್ ಹೊತ್ತಿಗೆ. ಜನವರಿಯಲ್ಲಿ ಓಡಿದರೆ ತಡವಾಯಿತು.

ಪತ್ರ ಒಂದೇ ಪುಟ ಇರಲಿ. ಮೊದಲ ಸಾಲಿನಲ್ಲೇ ಸುಂಕದ ಕೋಡ್ 08013100, ಅಂದರೆ ಸಿಪ್ಪೆ ಸಹಿತ ಗೇರುಬೀಜ. ಆಮೇಲೆ ಈಗಿನ ದರ, ನೀವು ಕೇಳುವ ದರ, ಸರ್ಕಾರಕ್ಕೆ ಎಷ್ಟು ಆದಾಯ ಖೋತಾ, ಎಷ್ಟು ಹೆಂಗಸರಿಗೆ ಕೆಲಸ ಉಳಿಯುತ್ತದೆ. ಸುಮ್ನೆ ಮೂರು ಪುಟ ಗೋಳು ಬರೆದರೆ ಯಾರೂ ಓದುವುದಿಲ್ಲ. ಕೇಳಿದ್ದು ಸಿಗುವುದೇ ಇಲ್ಲ ಅಂತಲ್ಲ. 2018ರ ಬಜೆಟ್‌ನಲ್ಲಿ ಈ ಸುಂಕ ಶೇ. 5ರಿಂದ 2.5ಕ್ಕೆ ಇಳಿದಿತ್ತು. 2019ರಲ್ಲಿ ತುಂಡಾಗದ ಇಡೀ ತಿರುಳಿನ ಕನಿಷ್ಠ ಆಮದು ಬೆಲೆ ಕಿಲೋಗೆ 720 ರೂಪಾಯಿ ಆಯಿತು.

ಪ್ರತಿಕ್ರಿಯೆ (ಬೆಳ್ತಂಗಡಿ): ನಾನು ಗೇರು ಬೆಳೆಗಾರ. ಸುಂಕ ಸೊನ್ನೆ ಆದರೆ ನಮ್ಮ ಬೀಜಕ್ಕೆ ರೇಟು ಎಲ್ಲಿ ಸಿಗುತ್ತದೆ ಮಾರಾಯ್ರೆ?

ಉತ್ತರ: ನಿಮ್ಮ ಮಾತು ನ್ಯಾಯವೇ. ಕಾರ್ಖಾನೆಯವರಿಗೆ ಹೊರಗಿನ ತಿರುಳು ಬರಬಾರದು, ಹೊರಗಿನ ಬೀಜ ಬರಬೇಕು. ನಿಮಗೆ ಎರಡೂ ಬರಬಾರದು. ಒಂದೇ ಕಡೆಯ ಪತ್ರ ಮೇಜಿನ ಮೇಲಿದ್ದರೆ ಅಧಿಕಾರಿಗೆ ಕಾಣುವುದೂ ಅದೊಂದೇ, ಅಲ್ವಾ? ಹಾಗಾಗಿ ನೀವೂ ಬರೆಯಲೇಬೇಕು. ನಿಮ್ಮ ಸಹಕಾರಿ ಸಂಘದ ಲೆಟರ್‌ಹೆಡ್‌ನಲ್ಲಿ ಬರೆಯಿರಿ, ಸಂಸದರಿಗೂ ಒಂದು ಪ್ರತಿ ಕೊಡಿ. ಎಕರೆಗೆ ಖರ್ಚೆಷ್ಟು, ಇಳುವರಿ ಎಷ್ಟು ಎಂಬ ಲೆಕ್ಕ ಹಾಕಲು ಪುತ್ತೂರಿನಲ್ಲೇ ಗೇರು ಸಂಶೋಧನಾ ನಿರ್ದೇಶನಾಲಯ ಉಂಟು. ಅಲ್ಲಿನ ವಿಜ್ಞಾನಿಗಳನ್ನು ಕೇಳಿ. ಕರಡು ಇಲ್ಲೇ ಹಾಕಿದರೆ ನಾನು ನೋಡಿಕೊಡುತ್ತೇನೆ. ಇಬ್ಬರದ್ದೂ.