ತಮ್ಮನ ಕೋಣೆ ಗೋಡೆಯಲ್ಲಿ ಬೂಷ್ಟು, ಪಕ್ಕದಲ್ಲಿ ಕಟ್ಟಡ ಒಡೆಯುತ್ತಿದ್ದಾರೆ. ಮೊದಲು ಯಾವುದನ್ನು ನೋಡಲಿ?

ಪುಟ್ಟನ ಅಕ್ಕ:
ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರ್ ಇತ್ತು. ಅಸ್ಥಿಮಜ್ಜೆ ಕಸಿ ಆಗಿ 70 ದಿನ ಆಯಿತು. ಮನೆಗೆ ಬಂದು 3 ವಾರ. ಸ್ಟೆರಾಯ್ಡ್ ಮಾತ್ರೆ ಇನ್ನೂ ನಡೆಯುತ್ತಿದೆ. ಫಂಗಸ್ ಬರದ ಹಾಗೆ ಒಂದು ಮಾತ್ರೆಯನ್ನೂ ಕೊಟ್ಟಿದ್ದಾರೆ.

ಮೊನ್ನೆ ಅವನ ಮಂಚ ಸರಿಸಿದಾಗ ಹಿಂದಿನ ಗೋಡೆಯಲ್ಲಿ ಅಂಗೈಯಗಲ ಕಪ್ಪು ಬೂಷ್ಟು ಕಂಡಿತು. ಗಾಬರಿಯಲ್ಲಿ ಒಣ ಬ್ರಷ್ ತಗೊಂಡು ಗಸಗಸ ಉಜ್ಜಿಬಿಟ್ಟೆ. ಅವನು ಅಲ್ಲೇ ಕೂತಿದ್ದ. ಆಮೇಲೆ ಹೊಳೆಯಿತು, ಏನು ಮಾಡಿದೆ ನಾನು ಅಂತ. ಎರಡು ರಾತ್ರಿ ನಿದ್ದೆ ಇಲ್ಲ.

ಇದರ ಜೊತೆಗೆ ಪಕ್ಕದ ಕಟ್ಟಡ ಒಡೆಯುತ್ತಿದ್ದಾರೆ. ಬಾಲ್ಕನಿಯಲ್ಲಿ ಅಮ್ಮನ ಹೂಕುಂಡಗಳಿವೆ, ಒಂದು ಡಬ್ಬದಲ್ಲಿ ಎಲೆ ಗೊಬ್ಬರ ಕೊಳೆಯುತ್ತಿದೆ. ಎಲ್ಲಿಂದ ಶುರು ಮಾಡಲಿ? ನನಗೆ ಫಂಗಸ್ ಸೋಂಕು ಬಂದರೆ ಅವನಿಗೂ ಹರಡುತ್ತದಾ?

ಹಳೆ ವಾರ್ಡ್ ನರ್ಸ್:
ಮೊದಲು ಈ ಕೆಲಸ ಮಾಡಿ, ತಂಗಿ. ಬ್ರಷ್ ಹಾಕಿದ ವಿಷಯ ಕಸಿ ಮಾಡಿದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ. ಒಂದು ಸಲ ಧೂಳು ಎದ್ದ ಮಾತ್ರಕ್ಕೆ ಸೋಂಕು ಬಂದೇ ಬರುತ್ತದೆ ಅಂತಲ್ಲ. ಆದರೆ ಅವರಿಗೆ ಗೊತ್ತಿರಬೇಕು. ಜ್ವರ, ಒಣ ಕೆಮ್ಮು, ಉಸಿರೆಳೆದರೆ ಎದೆ ನೋವು, ಕಫದಲ್ಲಿ ರಕ್ತ, ಮುಖದ ಒಂದೇ ಕಡೆ ಊತ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಸ್ಟೆರಾಯ್ಡ್ ತಗೊಳ್ಳುವವರಲ್ಲಿ ಸೋಂಕಿದ್ದರೂ ಜ್ವರ ಬಾರದೆ ಇರಬಹುದು.

ಕಸಿ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ನಮಗೆ ಜಾಸ್ತಿ ಭಯ ಇದ್ದದ್ದು ಆಸ್ಪರ್ಜಿಲಸ್ ಅನ್ನೋ ಬೂಷ್ಟಿನದು. ಅದರ ಬೀಜಕಣ 2–3 ಮೈಕ್ರೋಮೀಟರ್ ಅಷ್ಟೆ, ಶ್ವಾಸಕೋಶದ ತುದಿವರೆಗೂ ಇಳಿಯುತ್ತದೆ. ಅಂಥ ಕಣಗಳನ್ನು ನಾವೆಲ್ಲರೂ ದಿನಾ ಉಸಿರಾಡುತ್ತೇವೆ. ನಮ್ಮ ಬಿಳಿ ರಕ್ತಕಣ ಅವನ್ನು ಮುಗಿಸುತ್ತವೆ. ನಿಮ್ಮ ತಮ್ಮನಲ್ಲಿ ಆ ಕಾವಲು ಇನ್ನೂ ದುರ್ಬಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ ಅಲ್ಲ. ಗಾಳಿಯಲ್ಲಿ, ಧೂಳಿನಲ್ಲಿ ಬರುತ್ತದೆ. ನೀವು ಅವನ ಪಕ್ಕ ಕೂರಬಹುದು, ಕೈ ಹಿಡಿಯಬಹುದು.

ನನ್ನನ್ನು ಕೇಳಿದರೆ ಗೋಡೆಗಿಂತ ಮೊದಲು ಆ ಕಟ್ಟಡದ ಧೂಳು, ಆ ಗೊಬ್ಬರದ ಡಬ್ಬ. ಕೊಳೆಯುವ ಎಲೆ ಆಸ್ಪರ್ಜಿಲಸ್‌ಗೆ ತವರುಮನೆ. ಮುಚ್ಚಳ ತೆಗೆದು ಕೆದಕಿದರೆ ಲೆಕ್ಕವಿಲ್ಲದಷ್ಟು ಕಣ ಏಳುತ್ತವೆ. ಡಬ್ಬ ಇವತ್ತೇ ಹೊರಗೆ ಹೋಗಲಿ. ಅವನ ಮುಂದೆ ತೆರೆಯಬೇಡಿ. ಕುಂಡಗಳೂ ಅವನಿಂದ ದೂರ ಇರಲಿ. ಕಟ್ಟಡದ ಕಡೆ ಕಿಟಕಿ ಮುಚ್ಚಿಡಿ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಹೊತ್ತಿಗೆ ಅವನು ಬೇರೆ ಕೋಣೆಯಲ್ಲಿರಲಿ. ಆಸ್ಪತ್ರೆಗೆ ಹೋಗುವಾಗ ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಬಟ್ಟೆ ಮಾಸ್ಕ್ ಈ ಕಣಗಳನ್ನು ತಡೆಯುವುದಿಲ್ಲ.

ನಮ್ಮ ವಾರ್ಡಿನ ಕೋಣೆಗಳಿಗೆ ಹೆಪಾ ಫಿಲ್ಟರ್ (ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಸೋಸುಕ) ದಾಟಿದ ಗಾಳಿ ಮಾತ್ರ ಬರುತ್ತಿತ್ತು, ಗಂಟೆಗೆ 12 ಸಲ ಗಾಳಿ ಬದಲಾಗುತ್ತಿತ್ತು. ಮನೆಯಲ್ಲಿ ಅಷ್ಟು ಆಗದು. ಹೆಪಾ ಇರುವ ಸಣ್ಣ ಯಂತ್ರ ಇಟ್ಟರೆ ಸ್ವಲ್ಪ ನೆರವಾಗುತ್ತದೆ, ಆದರೆ ಅದನ್ನೇ ನಂಬಿ ಕಿಟಕಿ ತೆರೆಯಬೇಡಿ. ಫಂಗಸ್ ತಡೆಯುವ ಮಾತ್ರೆಯೊಂದನ್ನೇ ನಂಬಿಯೂ ಕೂರಬೇಡಿ. ಬೆಳೆಗೆ ಹೊಡೆಯುವ ಕೆಲವು ಶಿಲೀಂಧ್ರನಾಶಕಗಳೂ ಈ ಮಾತ್ರೆಗಳೂ ಒಂದೇ ಬಳಗದವು. ಹಾಗಾಗಿ ಹೊಲದಲ್ಲೇ ಈ ಔಷಧಿಗೆ ಜಗ್ಗದಂತಾದ ಬೂಷ್ಟು ಇವೆ. ಹಾಗಂತ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.

ಕಿಡ್ನಿ ಕಸಿಯವನು:
ಗೋಡೆ ಬಗ್ಗೆ ನಾನು ಹೇಳ್ತೀನಿ, ಯಾಕೆಂದರೆ ನನ್ನ ಕೋಣೆಯಲ್ಲೂ ಇದೇ ಆಗಿತ್ತು. ನಾನು ಬ್ಲೀಚ್ ಹಾಕಿಸಿದೆ, ಕಪ್ಪು ಹೋಯಿತು. ಮೇಲೆ ಬಣ್ಣ ಬಳಿಸಿದೆ. ತಿಂಗಳೊಳಗೆ ಅದೇ ಜಾಗದಲ್ಲಿ ಮತ್ತೆ ಬಂತು. ಗೋಡೆಯ ಒಳಗೆ ಪೈಪ್ ಸೋರುತ್ತಿತ್ತು! ನೀರು ನಿಲ್ಲಿಸದೆ ಬೂಷ್ಟು ಹೋಗಲ್ಲ. ನೆನೆದ ಹಾಸಿಗೆ, ರಟ್ಟು, ಪುಸ್ತಕ 48 ಗಂಟೆ ಒಳಗೆ ಒಣಗದಿದ್ದರೆ ಎಸೆದುಬಿಡಿ. ಕೋಣೆಯ ತೇವಾಂಶ ಶೇ. 50ರ ಒಳಗಿದ್ದರೆ ಒಳ್ಳೆಯದು. ಅಳೆಯುವ ಸಣ್ಣ ಮೀಟರ್ ಸಿಗುತ್ತದೆ.

ಗಿಡದ ವಿಷಯ ಅಮ್ಮನಿಗೆ ಮೆಲ್ಲಗೆ ಹೇಳಿ. ಮಣ್ಣು ಮುಟ್ಟದೆ ಇರುವುದು ನನಗೆ ಮಾತ್ರೆ ನುಂಗುವುದಕ್ಕಿಂತ ಕಷ್ಟ ಆಗಿತ್ತು. ಈಗ ಗಿಡಗಳು ನೆಂಟರ ಮನೆಯಲ್ಲಿವೆ. ಅವರು ಫೋಟೋ ಕಳಿಸುತ್ತಾರೆ.

ಪುಟ್ಟನ ಅಕ್ಕ:
ಇಬ್ಬರಿಗೂ ತುಂಬಾ ಧನ್ಯವಾದ. ಡಾಕ್ಟರಿಗೆ ಹೇಳಿದೆ, ಬೈಯಲಿಲ್ಲ. ನಾಳೆ ಎದೆಯ ಸಿಟಿ ಸ್ಕ್ಯಾನ್ ಬರೆದಿದ್ದಾರೆ. ಡಬ್ಬ ಹೋಯಿತು. ತಮ್ಮನನ್ನು ಕಟ್ಟಡದ ಕಡೆ ಇಲ್ಲದ ಕೋಣೆಗೆ ಕಳಿಸಿದ್ದೇವೆ. ಗೋಡೆ ಹಿಂದೆ ಬಚ್ಚಲಿನ ನಲ್ಲಿ ಇದೆ ಅಂತ ಈಗ ನೆನಪಾಯಿತು. ಪ್ಲಂಬರ್ ಬರುವ ದಿನ ಅವನನ್ನು ಅತ್ತೆ ಮನೆಯಲ್ಲಿ ಬಿಟ್ಟರೆ ಸಾಕಾ, ಅಥವಾ ಧೂಳು ಕೂರುವವರೆಗೆ ಇನ್ನೂ ಒಂದೆರಡು ದಿನ ಅಲ್ಲೇ ಇರಬೇಕಾ?

ಹಳೆ ವಾರ್ಡ್ ನರ್ಸ್:
ಗೋಡೆ ಒಡೆದರೆ ಅಲ್ಲೇ ಇರಲಿ. ಕೆಲಸ ಮುಗಿದು, ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಕರೆತನ್ನಿ. ಸ್ಕ್ಯಾನ್ ಏನು ಬಂತು ಅಂತ ಇಲ್ಲಿ ಬರೀರಿ, ಕಾಯ್ತಾ ಇರ್ತೀನಿ.